ಲಕ್ಷದ್ವೀಪದ ಹಡಗಿಗೆ ನಾವು ಫೆಬ್ರವರಿ ಹಿಡಿದದ್ದು

ದ್ವೀಪಕ್ಕೆ ಹಡಗಿನಲ್ಲಿ ಹೋಗಲು ಯಾವ ತಿಂಗಳು ಒಳ್ಳೆಯದು ಎನ್ನುವವರು ಮೊದಲು ಮಳೆ ಇದೆಯಾ ಎಂದು ಕೇಳುತ್ತಾರೆ. ನಾನು ಮಳೆ ಬಿಟ್ಟು ಅಲೆ ನೋಡಿದೆ. ಕಾರಣ ಅಮ್ಮನ ಮೊಣಕಾಲು.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ಹೆಚ್ಚಾಗಿ ದಡಕ್ಕೆ ತಾಗುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ತಿಳಿನೀರಿನ ಲಗೂನು. ಹಡಗು ಅದರ ಹೊರಗೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ಬೋಟಿಗೆ ಇಳಿಯಬೇಕು. ಹಡಗಿನ ಪಕ್ಕದಲ್ಲಿ, ನೀರಿಗೆ ಹತ್ತಿರ ಒಂದು ಬಾಗಿಲು ತೆರೆಯುತ್ತಾರೆ. ಬೋಟು ಅದರ ಕೆಳಗೆ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ ಮೇಲೆ ಕೆಳಗೆ ಕುಣಿಯುತ್ತಾ ಇರುತ್ತದೆ. ಈ ಕಡೆ ಇಬ್ಬರು, ಆ ಕಡೆ ಇಬ್ಬರು ನಮ್ಮ ತೋಳು ಹಿಡಿಯುತ್ತಾರೆ. ಬೋಟು ಮೇಲೆ ಬಂದ ಗಳಿಗೆಯಲ್ಲಿ ಕಾಲು ಇಡಬೇಕು. ಅಲೆ ಸಣ್ಣದಿದ್ದರೆ ಮನೆಯ ಮೆಟ್ಟಿಲು ಇಳಿದಷ್ಟೇ. ದೊಡ್ಡದಿದ್ದರೆ ಬೋಟು ಒಮ್ಮೆಲೇ ಒಂದಾಳು ಕೆಳಗೆ ಹೋಗಿಬಿಡುತ್ತದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ನೋಡುವ ಪ್ರವಾಸದಲ್ಲಿ ಹಗಲು ದ್ವೀಪ, ರಾತ್ರಿ ಹಡಗು. ಅಂದರೆ ಈ ಹತ್ತಿ ಇಳಿಯುವ ಕೆಲಸ ದಿನವೂ ಇದೆ. ಎಪ್ಪತ್ತು ದಾಟಿದ ಅಮ್ಮನನ್ನು ಕರೆದುಕೊಂಡು ಹೋಗುವವನಿಗೆ ಋತು ಎಂದರೆ ಇದೇ ಅಲ್ವಾ?

ಮಂಗಳೂರು ಬಂದರಿನಿಂದ ದ್ವೀಪಗಳಿಗೆ ಸಾಮಾನು ಹೊತ್ತು ಹೋಗುವ ಮರದ ಹಡಗುಗಳನ್ನು, ಅಂದರೆ ಮಂಜಿಗಳನ್ನು, ನಮ್ಮ ಕಡೆಯವರು ನೋಡಿಯೇ ಇರುತ್ತೀರಿ. ಅಮಿನಿ, ಕಡ್ಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ವ್ಯಾಪಾರದ ನಂಟು ಇನ್ನೂ ಹೋಗಿಲ್ಲ. ಮಂಜಿಗೆ ಲೋಡ್ ಮಾಡಿಸುವ ಪರಿಚಯದ ಕಾಕ ಒಬ್ಬರನ್ನು ಕೇಳಿದೆ. "ಭಟ್ರೇ, ಮಳೆ ಬಿಡಿ, ಗಾಳಿ ನೋಡಿ. ಡಿಸೆಂಬರ್ ಒಂದು ಕಳೆಯಲಿ" ಎಂದರು. ಮಂಜಿಗಳು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲಿಗೆ ಇಳಿಯುವುದಿಲ್ಲ. ಪ್ರವಾಸಿಗಳ ಹಡಗಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಮೊದಲೇ ಇವರ ಅಂಗಡಿ ಬಂದ್.

ಹಾಗಾಗಿ ಮಳೆಗಾಲದ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಉಳಿದ ಎಂಟು ತಿಂಗಳಲ್ಲಿ ಆರಿಸುವುದೇ ಕಷ್ಟ.

ಪುತ್ತೂರಿನ ಭಾವನಿಗೆ ಅಕ್ಟೋಬರ್ ಆಗಬೇಕಿತ್ತು. ಅವರ ಮಕ್ಕಳಿಗೆ ದಸರಾ ರಜೆ. ನಮ್ಮ ಮಕ್ಕಳದ್ದು ಕನ್ನಡ ಮಾಧ್ಯಮವಾದರೂ ಕೇರಳದ ಶಾಲೆ. ದೊಡ್ಡ ರಜೆ ಓಣಂಗೆ ಮತ್ತು ಕ್ರಿಸ್ಮಸ್‌ಗೆ. ಗಡಿಯಾಚೆ ಈಚೆ ಇರುವ ಮನೆಗಳಿಗೆ ಒಟ್ಟಿಗೆ ಹೊರಡಲು ಒಂದು ದಿನ ಸಿಗುವುದೇ ಅಪರೂಪ. ರಜೆಯ ವಿಷಯ ಹಾಗಿರಲಿ, ನನಗೆ ಅಕ್ಟೋಬರ್ ಬೇಡ ಅನಿಸಿದ್ದು ಚಂಡಮಾರುತದಿಂದ. ಅರಬ್ಬಿ ಸಮುದ್ರದಲ್ಲಿ ಅದಕ್ಕೆ ಎರಡು ಕಾಲ: ಮಳೆಗಾಲಕ್ಕೆ ಸ್ವಲ್ಪ ಮೊದಲು, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. 2017ರ ಡಿಸೆಂಬರ್ ಶುರುವಿನಲ್ಲಿ ಓಖಿ ಮಿನಿಕಾಯ್ ಕಡೆಯಿಂದಲೇ ಹೋಯಿತು. 2019ರ ಅಕ್ಟೋಬರ್ ಕೊನೆಗೆ ‘ಮಹಾ’ ಎಂಬ ಚಂಡಮಾರುತ ಲಕ್ಷದ್ವೀಪದ ಮೇಲೆಯೇ ಬಂತು. ಎಲ್ಲಾ ವರ್ಷ ಹೀಗಾಗುವುದಿಲ್ಲ, ನಿಜ. ಆದರೆ ಕೊಚ್ಚಿಯಿಂದ ಹಡಗು ಹೊರಡದಿದ್ದರೆ ಅಲ್ಲಿನ ಲಾಡ್ಜಿನಲ್ಲಿ ಅಮ್ಮನನ್ನು ಕೂರಿಸಿ ನಾನು ಏನು ಮಾಡಲಿ?

ಕ್ರಿಸ್ಮಸ್ ರಜೆಯ ಹೊತ್ತಿಗೆ ಕಡಲು ಬಹುಮಟ್ಟಿಗೆ ಶಾಂತವಾಗಿರುತ್ತದೆ. ಆದರೆ ಎಲ್ಲರಿಗೂ ಅದೇ ವಾರ ಬೇಕು. ಅದರಲ್ಲೂ ರಜೆಗೆ ಮನೆಗೆ ಹೋಗುವ ದ್ವೀಪದವರಿಗೂ ಅದೇ ಹಡಗುಗಳು. ಅವರಿಗೆ ಅದು ಪ್ರವಾಸ ಅಲ್ಲ, ನಮ್ಮ ಬಸ್ಸಿನ ಹಾಗೆ. ಅವರ ಸೀಟಿಗೆ ನಾವು ಪೈಪೋಟಿ ಮಾಡುವುದು ನನಗೆ ಸರಿ ಕಾಣಲಿಲ್ಲ.

ಏಪ್ರಿಲ್, ಮೇ ರಜೆ ಗಡಿಯ ಎರಡೂ ಕಡೆ ಇದೆ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ. ನಾನು ಅದನ್ನು ಬಿಟ್ಟೆ. ಸೆಖೆ ಒಂದು ಕಡೆ. ಆ ಹೊತ್ತಿಗೆ ಲಕ್ಷದ್ವೀಪದ ಸುತ್ತಲ ನೀರು 30 ಡಿಗ್ರಿ ದಾಟಿ ಬಿಸಿಯಾಗುತ್ತದೆ. ಜಾಸ್ತಿ ದಿನ ಹಾಗೇ ಇದ್ದರೆ ಹವಳ ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಜೋರಾಗಿ ಆಯಿತು, 2024ರಲ್ಲಿ ಮತ್ತೆ. ಗಾಜಿನ ತಳದ ಬೋಟಿನಲ್ಲಿ ಕೂತು ಬಿಳಿ ಕಡ್ಡಿ ನೋಡಲು ಅಷ್ಟು ದೂರ ಹೋಗಬೇಕಾ? ಇನ್ನೊಂದು, ಕಳ್ಳಕ್ಕಡಲ್. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ಶುಭ್ರ. ಆದರೆ ತೆಂಕಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಬಂದು ಇಲ್ಲಿ ಉಕ್ಕುತ್ತದೆ. 2024ರ ಮಾರ್ಚ್ 31ರಂದು ಕೇರಳದ ಕರಾವಳಿಗೆ ನುಗ್ಗಿದ್ದು ಅದೇ. ಮೇ ತಿಂಗಳಲ್ಲಿ ಚಂಡಮಾರುತವೂ ಸೇರಿಕೊಳ್ಳುತ್ತದೆ. 2021ರ ತೌಕ್ತೆ ಲಕ್ಷದ್ವೀಪದ ಹತ್ತಿರವೇ ಹುಟ್ಟಿದ್ದು. ಉಪ್ಪಳದ ಮುಸೋಡಿಯಲ್ಲಿ ಎರಡು ಮಾಳಿಗೆಯ ಮನೆ ಕಡಲಿಗೆ ಕುಸಿದದ್ದನ್ನು ನಾವು ಮರೆತಿಲ್ಲ.

ಉಳಿದದ್ದು ಜನವರಿಯಿಂದ ಮಾರ್ಚ್ ಮೊದಲ ವಾರಗಳವರೆಗೆ. ಈ ಕಾಲದಲ್ಲಿ ಮಳೆ ಕಡಿಮೆ, ಅಲೆ ಸಣ್ಣದು, ನೀರು ತಿಳಿ. ಅಡಿಕೆ ಕೊಯ್ಲು, ಅಂಗಳದ ತುಂಬ ಒಣಹಾಕಿದ ಅಡಿಕೆ, ತೋಟಕ್ಕೆ ನೀರು ಎಲ್ಲವೂ ಇದೇ ಸಮಯಕ್ಕೆ ಎನ್ನುವುದು ನಮ್ಮಂಥವರ ಸಂಕಟ. ಸ್ಪ್ರಿಂಕ್ಲರ್ ನೋಡಿಕೊಳ್ಳಲು ಪಕ್ಕದ ತೋಟದವರಿಗೆ ಹೇಳಿದೆ. ಮಕ್ಕಳಿಗೆ ಶಾಲೆಯಲ್ಲಿ ರಜೆ ಕೇಳಿದೆ. ಮೇಷ್ಟ್ರು ಒಂದು ಮಾತು ಅಂದರು, ಕೊಟ್ಟರು. ಫೆಬ್ರವರಿಯಲ್ಲೂ ಅಷ್ಟಮಿಯ ಆಸುಪಾಸಿನ ದಿನ ಇರುವ ಹಡಗು ಆರಿಸಿದೆ. ಹುಣ್ಣಿಮೆ, ಅಮಾವಾಸ್ಯೆಗೆ ಇಳಿತ ಜಾಸ್ತಿ, ಲಗೂನಿನಲ್ಲಿ ಬೋಟಿಗೆ ನೀರು ಸಾಲದಾಗುತ್ತದೆ. ದ್ವೀಪಕ್ಕೆ ಪರವಾನಗಿ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು, ಹಾಗಾಗಿ ಅರ್ಜಿ ಡಿಸೆಂಬರಿನಲ್ಲೇ ಹಾಕಿದ್ದೆ.

ಹೊರಡುವ ವಾರ ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್‌ನವರ ಅಲೆಯ ಮುನ್ಸೂಚನೆ ದಿನಾ ನೋಡಿದೆ. ಲಕ್ಷದ್ವೀಪಕ್ಕೇ ಬೇರೆ ಕೊಡುತ್ತಾರೆ. ಅಲೆ ಒಂದು ಮೀಟರಿನ ಆಸುಪಾಸು ಎಂದಿತ್ತು. ಕಲ್ಪೇನಿಯಲ್ಲಿ ಬಾಗಿಲ ಹತ್ತಿರ ನಿಂತ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿಯಲು ಬಂದ ಖಲಾಸಿಗೆ "ಎಳೆಯಬೇಡಪ್ಪ, ನಾನೇ ಬರ್ತೇನೆ" ಎಂದರು. ಅವನಿಗೆ ಕನ್ನಡ ಗೊತ್ತಿರಲಿಲ್ಲ, ಎಳೆದೇ ಇಳಿಸಿದ. ಮಿನಿಕಾಯ್ ತಲುಪುವ ಹೊತ್ತಿಗೆ ಅವರೇ ಬೇರೆಯವರಿಗೆ ಯಾವಾಗ ಕಾಲಿಡಬೇಕು ಎಂದು ಹೇಳಿಕೊಡುತ್ತಿದ್ದರು.

ಫೆಬ್ರವರಿಯಲ್ಲೂ ರಾತ್ರಿ ಹಡಗು ಸ್ವಲ್ಪ ಓಲಾಡುತ್ತದೆ. ಕೆಳಗಿನ ಅಂತಸ್ತಿನಲ್ಲಿ, ನಡುಭಾಗದ ಕ್ಯಾಬಿನ್ ಸಿಕ್ಕಿದರೆ ಅಲುಗಾಟ ಕಡಿಮೆ. ವಾಂತಿ ಮಾತ್ರೆ ಡಾಕ್ಟರನ್ನು ಕೇಳಿ ಹಡಗು ಹತ್ತುವ ಮೊದಲೇ ತೆಗೆದುಕೊಳ್ಳಿ. ತಲೆ ತಿರುಗಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಭಾವ ಈಗ ಏಪ್ರಿಲ್ ಟಿಕೆಟ್ ಸಿಗುತ್ತದಾ ಎಂದು ವಿಚಾರಿಸುತ್ತಿದ್ದಾರೆ.