ಕರಿ ಮಣ್ಣಿನಲ್ಲಿ ಕಾರ್ಬನ್ ಹುಡುಕಿದ್ದು

ಬೇಸಿಗೆಯಲ್ಲಿ ವಿಜಯಪುರದ ಎರೆ ಹೊಲಕ್ಕೆ ಇಳಿದರೆ ನೆಲ ನೋಡಿಕೊಂಡೇ ನಡೆಯಬೇಕು. ಬಿರುಕು ಅಷ್ಟು ಅಗಲ. ಡೋಣಿ ನದಿ ದಂಡೆಯ ಒಂದು ಹೊಲದಲ್ಲಿ ನನ್ನ ಪೆನ್ನು ಬಿರುಕಿಗೆ ಬಿತ್ತು, ಇನ್ನೂ ಅಲ್ಲೇ ಇದೆ.

ಹೊಲದ ಯಜಮಾನರು ಕೇಳಿದರು: "ಸರ, ಮಣ್ಣು ಇಷ್ಟ್ ಕರ್ರಗ ಐತಿ. ಕಾರ್ಬನ್ ಭಾಳ ಇರಬೇಕಲ್ರೀ?"

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಈ ಜಿಗುಟು ಮಣ್ಣಿಗೆ ಸಾವಯವ ಅಂಶ ಚೂರು ಅಂಟಿಕೊಂಡರೂ ಸಾಕು, ಕಪ್ಪಾಗಿ ಕಾಣುತ್ತದೆ. ಆ ಹೊಲದಲ್ಲಿ ಸಿಕ್ಕ ಸಾವಯವ ಕಾರ್ಬನ್ ಶೇ. 0.45. ಮಣ್ಣು ಪರೀಕ್ಷೆಯಲ್ಲಿ 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಅಂತಲೇ ಲೆಕ್ಕ.

ಈ ಅಂಕಿಗೆ ಬರುವ ಮುಂಚೆ ಒಂದು ಪೆಟ್ಟು ತಿಂದಿದ್ದೆ. ಮಣ್ಣನ್ನು ಸುಟ್ಟು, ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರಕ್ಕೆ ಸುಮ್ನೆ ಹಾಗೇ ಹಾಕಿಬಿಟ್ಟೆ. ಶೇ. 2 ದಾಟಿತು! ಖುಷಿ ಒಂದು ದಿನವೂ ಉಳಿಯಲಿಲ್ಲ. ಅದೇ ಮಣ್ಣಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ. ಸುಣ್ಣದ ಹರಳು. ಅದರೊಳಗೂ ಇಂಗಾಲ ಇದೆ, ಸುಟ್ಟರೆ ಅದೂ ಹೊರಬರುತ್ತದೆ. ಬೇರು ಕೊಳೆತು ಬಂದದ್ದೋ, ಸುಣ್ಣದ್ದೋ, ಯಂತ್ರಕ್ಕೇನು ಗೊತ್ತು? ವಾರದ ಕೆಲಸ ನೀರುಪಾಲು.

ಆಮೇಲೆ ಹಳೆಯ ವಾಕ್ಲಿ-ಬ್ಲ್ಯಾಕ್ ವಿಧಾನಕ್ಕೇ ಬಂದೆ. ಇದರಲ್ಲಿ ಸುಣ್ಣ ಲೆಕ್ಕಕ್ಕೆ ಬರುವುದಿಲ್ಲ. ಮಣ್ಣಿಗೆ ಡೈಕ್ರೋಮೇಟ್, ಅಂದರೆ ಸಾವಯವ ಇಂಗಾಲವನ್ನು ಉರಿಸುವ ರಾಸಾಯನಿಕ, ಹಾಕಿ ಮೇಲೆ ಗಂಧಕಾಮ್ಲ ಸುರಿದರೆ ಫ್ಲಾಸ್ಕ್ ತಾನಾಗೇ ಕಾಯುತ್ತದೆ. ಅರ್ಧ ಗಂಟೆ ಬಿಟ್ಟು ಟೈಟ್ರೇಶನ್, ಅಂದರೆ ಉಳಿದ ಡೈಕ್ರೋಮೇಟ್ ಎಷ್ಟು ಅಂತ ಹನಿ ಹನಿ ಬಿಟ್ಟು ಅಳೆಯುವುದು. ನೀಲಿ ಬಣ್ಣ ಒಂದೇ ಹನಿಗೆ ಹಸಿರಾಗುತ್ತದೆ. ಆ ಹನಿ ತಪ್ಪಿದರೆ ಮತ್ತೆ ಮೊದಲಿಂದ. ಇಂಗಾಲ ಪೂರ್ತಿ ಉರಿಯದ ಕಾರಣ ಬಂದದ್ದನ್ನು 1.3ರಿಂದ ಗುಣಿಸಬೇಕು. ಡೋಣಿ ಕಡೆ ಇನ್ನೊಂದು ಕಾಟ, ಉಪ್ಪು. ಕ್ಲೋರೈಡ್ ಕೂಡ ಡೈಕ್ರೋಮೇಟ್ ತಿನ್ನುವುದರಿಂದ ಕಾರ್ಬನ್ ಜಾಸ್ತಿ ತೋರಿಸುತ್ತದೆ. ಅದಕ್ಕೆ ಆಮ್ಲದಲ್ಲಿ ಸ್ವಲ್ಪ ಸಿಲ್ವರ್ ಸಲ್ಫೇಟ್ ಕರಗಿಸುತ್ತೇನೆ.

ಮಣ್ಣಿನ ಸಾಂದ್ರತೆಗೆ ಬೇಸಿಗೆಯಲ್ಲಿ ಕೈ ಹಾಕುವುದಿಲ್ಲ. ಒಣಗಿದ ಎರೆ ಕುಗ್ಗುತ್ತದೆ, ಹಸಿಯಾದರೆ ಉಬ್ಬುತ್ತದೆ. ಎಲ್ಲ ಹೊಲದಲ್ಲೂ ಹಸಿ ಇದ್ದಾಗಲೇ ಕೊಳವೆ ಬಡಿಯುತ್ತೇನೆ. ಆ ಹೊಲದಲ್ಲಿ ಘನ ಸೆಂಟಿಮೀಟರಿಗೆ 1.3 ಗ್ರಾಂ ಬಂತು. ಅದನ್ನು ಆ ಶೇ. 0.45ರ ಜೊತೆ ಮೇಲಿನ 30 ಸೆಂಟಿಮೀಟರಿಗೆ ಗುಣಿಸಿದರೆ ಹೆಕ್ಟೇರಿಗೆ ಸುಮಾರು 17.5 ಟನ್ ಕಾರ್ಬನ್.

ಯಜಮಾನರಿಗೆ ಹೇಳಿದೆ, ಕಾರ್ಬನ್ ಹೆಚ್ಚಬೇಕಾದರೆ ಕಣಕಿ, ಅಂದರೆ ಜೋಳದ ಒಣ ದಂಟು, ಒಂದಿಷ್ಟು ಹೊಲಕ್ಕೇ ಬಿಡಿ ಅಂತ.

"ಮತ್ತ ಎತ್ತು ಏನ್ ತಿನ್ನಬೇಕ್ರಿ?"

ಅದಕ್ಕೆ ನನ್ನ ಫ್ಲಾಸ್ಕಿನಲ್ಲಿ ಉತ್ತರ ಇರಲಿಲ್ಲ. ಚಹಾ ಕುಡಿದು ಎದ್ದೆ.