ಅಮೆರಿಕದ ಪಬ್ಲಿಕ್ ಸ್ಕೂಲಿನಲ್ಲಿ ಧರ್ಮಗಳ ಪಾಠ: ನಾನು ಕಂಡುಕೊಂಡ ದಾರಿ

ಆರನೇ ಕ್ಲಾಸಿನಲ್ಲಿ ಧರ್ಮಗಳ ಪಾಠ ಬಂದರೆ ಪುಸ್ತಕದಲ್ಲಿದ್ದಷ್ಟು ಓದಿಸಿ ಮುಗಿಸಿಬಿಡಿ, ಇಲ್ಲದಿದ್ದರೆ ದೂರು ಗ್ಯಾರಂಟಿ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಐದು ವಾರ ಹಿಡಿದು ಕಲಿಸುತ್ತೇನೆ. ಶುರುವಿನಲ್ಲಿ ಬಂದ ಒಂದು ಇಮೇಲ್ ಬಿಟ್ಟರೆ, ಮೂರ್ನಾಲ್ಕು ವರ್ಷಗಳಿಂದ ಒಂದು ದೂರೂ ಬಂದಿಲ್ಲ.

ಪ್ರಿನ್ಸಿಪಾಲರಿಗೆ ಕಾನೂನಿನ ಭಯವಿತ್ತು. ಸರ್ಕಾರಿ ಶಾಲೆ (ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಅದೇ) ಪ್ರಾರ್ಥನೆ ಹೇಳಿಸುವಂತಿಲ್ಲ ಎಂಬ 1962ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲರಿಗೂ ಗೊತ್ತು. ಮರುವರ್ಷದ ಅಬಿಂಗ್ಟನ್ ತೀರ್ಪು ಶಾಲೆಯ ಬೈಬಲ್ ಓದನ್ನು ನಿಲ್ಲಿಸಿತು. ಆದರೆ ಧರ್ಮಗಳ ಬಗ್ಗೆ ಪಕ್ಷಪಾತವಿಲ್ಲದೆ ಕಲಿಸಬಹುದು ಎಂದೂ ಅದರಲ್ಲೇ ಇದೆ. ಆ ಪ್ಯಾರಾ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ 2000ದಿಂದ ಒಂಬತ್ತನೇ ಕ್ಲಾಸಿಗೆ ವಿಶ್ವಧರ್ಮಗಳ ಪಾಠ ಕಡ್ಡಾಯ ಮಾಡಿದ್ದನ್ನೂ ಹೇಳಿದೆ. ಅರೆಮನಸ್ಸಿನಿಂದ ಒಪ್ಪಿದರು.

ಮೊದಲು ಅತಿಥಿಗಳನ್ನು ಕರೆಸಿ ನೋಡಿದೆವು. ಪಾದ್ರಿ, ಇಮಾಮ್, ಅರ್ಚಕರು ಎಲ್ಲರೂ ಒಳ್ಳೆಯವರೇ. ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಪ್ರವಚನವಾಗಿಬಿಡುತ್ತಿತ್ತು. ಒಬ್ಬ ತಾಯಿ 1948ರ ಮೆಕಾಲಮ್ ತೀರ್ಪನ್ನು ಎತ್ತಿ ಇಮೇಲ್ ಹಾಕಿದರು. ಶಾಲೆಯ ಹೊತ್ತಿನಲ್ಲಿ, ಶಾಲೆಯ ಕೋಣೆಯೊಳಗೆ ಧರ್ಮಬೋಧಕರು ಬಂದು ಪಾಠ ಮಾಡುವುದನ್ನು ತಡೆದ ತೀರ್ಪು ಅದು. ಎರಡೂ ಒಂದೇ ಅಲ್ಲ, ಆದರೂ ಆಕೆಯ ಅಳುಕು ನ್ಯಾಯವಾದದ್ದೇ. ಆಮೇಲೆ ಹಜ್ ಯಾತ್ರೆಯನ್ನು ಮಕ್ಕಳಿಂದ ನಟಿಸಿ ತೋರಿಸುವ ಚಟುವಟಿಕೆ. ಮಕ್ಕಳಿಗೆ ಖುಷಿಯೋ ಖುಷಿ. ಟೆಸ್ಟ್ ಕೊಟ್ಟರೆ ಯಾರಿಗೂ ಏನೂ ನೆನಪಿಲ್ಲ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು, ತನ್ನ ಮನೆಯವರ ಯಾತ್ರೆ ಆಟವಾದದ್ದು ನೋಡಿ ಒಬ್ಬ ಹುಡುಗ ಮಂಕಾಗಿ ಕುಳಿತದ್ದು. ಅಲ್ಲಿಗೆ ನಟನೆ ಬಂದ್.

ದುಡ್ಡಿನ ವಿಷಯಕ್ಕೆ ಬರೋಣ. ಪುಸ್ತಕ ಬೇಕು ಎಂದ ತಕ್ಷಣ ಚರ್ಚು, ದೇವಸ್ಥಾನ, ಮಸೀದಿ ಮೂರೂ ಕಡೆಯಿಂದ ಪುಕ್ಕಟೆ ಕೊಡಲು ಮುಂದೆ ಬಂದರು. ಬೇಡ ಎಂದೆ. ಒಬ್ಬರಿಂದ ತೆಗೆದುಕೊಂಡರೆ ಆ ಪುಸ್ತಕ ಹೇಳಿದ್ದನ್ನೆಲ್ಲ ಶಾಲೆ ಹೇಳಿದಂತೆ ಆಗುತ್ತದೆ. ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಇಲ್ಲಿನ ಶಾಲೆಗಳನ್ನು ನಡೆಸುವ ಆಡಳಿತ, ಕೊಟ್ಟದ್ದು ಸುಮಾರು ಇನ್ನೂರು ಡಾಲರ್, ನನ್ನ ಕೈಯಿಂದ ಹೋದದ್ದು ಮುನ್ನೂರರ ಹತ್ತಿರ. ಲೈಬ್ರರಿಯವರು ಹಳೇ ಪುಸ್ತಕ ಮಾರುವಾಗ ಒಂದೆರಡು ಡಾಲರಿಗೆ ಒಂದರಂತೆ ಸಿಕ್ಕವು, ಅದರಿಂದ ಬಚಾವಾದೆ.

ಕೊನೆಗೆ ಕೈಹಿಡಿದದ್ದು ಒಂದು ಸಣ್ಣ ನಿಯಮ. ಕ್ಲಾಸಿನಲ್ಲಿ ಯಾರೇ ಮಾತಾಡಲಿ, ಹೇಳಿದ್ದು ಯಾರ ನಂಬಿಕೆ ಅನ್ನುವುದು ಆ ವಾಕ್ಯದಲ್ಲೇ ಬರಬೇಕು. 'ಯೇಸು ಮತ್ತೆ ಎದ್ದು ಬಂದ' ಎಂದರೆ ನಿಲ್ಲಿಸುತ್ತೇನೆ. 'ಹಾಗೆಂದು ಕ್ರೈಸ್ತರು ನಂಬುತ್ತಾರೆ, ಸುವಾರ್ತೆಗಳಲ್ಲಿ ಇದೆ' ಎಂದರೆ ಸರಿ. 'ಹಿಂದೂಗಳೆಲ್ಲ ಸಸ್ಯಾಹಾರಿಗಳು' ಎಂದರೆ ಯಾವ ಹಿಂದೂಗಳು ಎಂದು ಮಕ್ಕಳೇ ಕೇಳುತ್ತಾರೆ. 'ಮಿಸ್, ಇದೆಲ್ಲ ನಿಜಾನಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. 'ಅದನ್ನು ಮನೆಯಲ್ಲಿ ಕೇಳು. ಯಾರು, ಯಾಕೆ ಹಾಗೆ ನಂಬುತ್ತಾರೆ ಅನ್ನುವುದನ್ನು ಇಲ್ಲಿ ನೋಡೋಣ' ಅನ್ನುತ್ತೇನೆ. ನಮಗೆ ಕಷ್ಟ ಆಗುವುದು ಹಿಂದೂ ಧರ್ಮದ ವಾರ, ಬಾಯಿಗೆ 'ನಾವು' ಬಂದುಬಿಡುತ್ತದೆ ಅಲ್ವಾ? ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಅದು ನನ್ನಲ್ಲೇ ಇರಲಿ. ಮನೆಗಳಿಗೆ ಮೊದಲೇ ಕಳಿಸುವ ಪತ್ರದ ಕೊನೆಯ ಸಾಲನ್ನೂ ಇಲ್ಲಿ ಹಾಕುವುದಿಲ್ಲ.

ನಡುವೆ ಗಣಿತದ ಮೇಡಂ ಜೊತೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ರಂಜಾನ್ ವರ್ಷವರ್ಷವೂ ಸುಮಾರು 11 ದಿನ ಹಿಂದಕ್ಕೆ ಬರುತ್ತದೆ, ದೀಪಾವಳಿ ಯಾಕೆ ಹಾಗೆ ಜಾರುವುದಿಲ್ಲ? ಮಕ್ಕಳು ಲೆಕ್ಕ ಹಾಕಿ ಅಧಿಕ ಮಾಸವನ್ನು ತಾವೇ ಕಂಡುಹಿಡಿದರು! ಯಹೂದಿ ಪಂಚಾಂಗದಲ್ಲಿ 19 ವರ್ಷಕ್ಕೆ 7 ಸಲ ತಿಂಗಳು ಸೇರಿಸುತ್ತಾರೆ ಎಂದಾಗ ಒಬ್ಬಳು ಯಹೂದಿ ಹುಡುಗಿ ಬೋರ್ಡಿಗೆ ಬಂದು ವಿವರಿಸಿದಳು. ಅಷ್ಟು ಸದ್ದಿಲ್ಲದೆ ಕೇಳಿದ ಕ್ಲಾಸನ್ನು ನಾನು ಕಂಡಿಲ್ಲ.

ಈ ವರ್ಷ ಜೈನ ಧರ್ಮಕ್ಕೂ ಒಂದು ವಾರ. ನಮ್ಮ ಪಠ್ಯದಲ್ಲಿ ಅದಕ್ಕೆ ಅರ್ಧ ಪುಟವೂ ಇಲ್ಲ. ಶ್ರವಣಬೆಳಗೊಳದ ದೊಡ್ಡ ಫೋಟೋ ಹಾಕಿಸಲು ಅರವತ್ತು ಡಾಲರ್ ಕೇಳಿದೆ, ಪ್ರಿನ್ಸಿಪಾಲ್ ಈ ಸಲ ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದರು.