ರಜೆಗೆ ಬಂದವರನ್ನೆಲ್ಲ ಆಟಕ್ಕೆ ಕರೆದುಕೊಂಡು ಹೋಗುವುದು ಹೇಗೆ?

ದೀಪಾವಳಿ ಕಳೆಯಿತೆಂದರೆ ಯಕ್ಷಗಾನದ ಮೇಳಗಳು ಊರೂರು ತಿರುಗಾಟಕ್ಕೆ ಹೊರಡುತ್ತವೆ. ಡಿಸೆಂಬರ್ ಕೊನೆಗೆ ಮಕ್ಕಳಿಗೆ ರಜೆ ಸಿಗುತ್ತದೆ. ಬೆಂಗಳೂರಿನವರು ಪಂಚಗಂಗಾ ರೈಲು ಹತ್ತಿ ಬೆಳಗಾಗುವಾಗ ಕುಮಟಾದಲ್ಲೋ ಹೊನ್ನಾವರದಲ್ಲೋ ಇಳಿಯುತ್ತಾರೆ. ಮನೆ ತುಂಬ ಜನ. ಮುರ್ಡೇಶ್ವರ, ಗೋಕರ್ಣ ಎಲ್ಲ ನೋಡಿ ಆಯ್ತು, ಇನ್ನೇನು ಅಂತ ಕೇಳುವ ಹೊತ್ತಿಗೆ ನಾನು ಹೇಳುವುದು ಒಂದೇ: ಎಲ್ಲರೂ ಸೇರಿ ಒಂದು ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೋಗಿ ಬನ್ನಿ. ಆದರೆ ಸುಮ್ನೆ ಹದಿನಾಲ್ಕು ಜನರನ್ನು ಗಾಡಿಗೆ ತುಂಬಿಕೊಂಡು ಹೊರಟರೆ ಅರ್ಧ ಜನ ನಿದ್ದೆ ಮಾಡುತ್ತಾರೆ, ಉಳಿದರ್ಧ ಜನ ಯಾವಾಗ ಮುಗಿಯುತ್ತದೆ ಅಂತ ಮೊಬೈಲ್ ನೋಡುತ್ತಾರೆ. ಸ್ವಲ್ಪ ತಯಾರಿ ಬೇಕು.

ಮೊದಲು ಆಟ ಯಾವುದು ಅಂತ ಸರಿಯಾಗಿ ವಿಚಾರಿಸಿ. ಹ್ಯಾಂಡ್‌ಬಿಲ್‌ನಲ್ಲಿ ಯಕ್ಷಗಾನ ಅಂತ ದೊಡ್ಡದಾಗಿ ಇರುತ್ತದೆ, ಕೆಳಗೆ ಸಣ್ಣದಾಗಿ ತಾಳಮದ್ದಳೆ ಅಂತ ಇರುತ್ತದೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಕುಳಿತು ಮಾತಾಡುವುದೇ ಎಲ್ಲ. ಅದರ ಸೊಗಸೇ ಬೇರೆ, ನನಗೂ ಬಹಳ ಇಷ್ಟ, ಆದರೆ ಕಿರೀಟ ನೋಡಬೇಕು ಅಂತ ಬಂದ ಏಳು ವರ್ಷದ ಮಗುವಿಗೆ ಅದು ಹಿಡಿಸುವುದಿಲ್ಲ. ಆಮೇಲೆ ಕಾಲಮಿತಿಯೋ, ಇಡೀ ರಾತ್ರಿಯೋ ಕೇಳಿ. ಕಾಲಮಿತಿ ಆದರೆ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಸಲ ನೋಡುವವರು ಜಾಸ್ತಿ ಇದ್ದರೆ ಅದೇ ಒಳ್ಳೆಯದು. ಯಾರೋ ಹರಕೆ ಹೊತ್ತು ಆಡಿಸುವ ಹರಕೆ ಆಟಕ್ಕೆ ಟಿಕೆಟ್ ಇರುವುದಿಲ್ಲ. ಟೆಂಟ್ ಆಟವಾದರೆ ಟಿಕೆಟ್ ಇರುತ್ತದೆ, ಎಲ್ಲರಿಗೂ ಒಂದೇ ಸಾಲಿನಲ್ಲಿ ಕುರ್ಚಿ ಬೇಕು ಅಂದರೆ ಒಬ್ಬರು ಮುಂಚೆಯೇ ಹೋಗಿ ತೆಗೆದಿಡಬೇಕು.

ಎರಡನೆಯದು ಗಾಡಿ. ಒಮ್ಮೆ ನಾವು ಟೆಂಪೋ ಮಾಡಿಕೊಂಡು ಹೋಗಿದ್ದೆವು. ನಮ್ಮನ್ನು ಬಿಟ್ಟು, ಬೆಳಗಿನ ಜಾವ ಬರುತ್ತೇನೆ ಎಂದ ಡ್ರೈವರ್ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಆಯಿಯನ್ನು, ಮಲಗಿದ್ದ ಎರಡು ಮಕ್ಕಳನ್ನು ಇಬ್ಬನಿಯಲ್ಲಿ ರಸ್ತೆ ಬದಿ ಕೂರಿಸಿಕೊಂಡು ಮೊದಲ ಬಸ್ಸಿಗೆ ಕಾದೆವು. ಅವತ್ತಿನಿಂದ ಗಾಡಿ ಅಲ್ಲೇ ನಿಲ್ಲಬೇಕು, ಡ್ರೈವರ್‌ಗೂ ನಮ್ಮ ಜೊತೆಗೇ ಊಟ, ಅವರಿಗೂ ಒಂದು ಕುರ್ಚಿ ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ.

ಇನ್ನು ಮುಖ್ಯವಾದದ್ದು. ಹಿಂದಿನ ದಿನ ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಪ್ರಸಂಗದ ಕಥೆ ಹೇಳಿ. ಇದನ್ನು ಮಾತ್ರ ಬಿಡಲೇಬೇಡಿ. ಕಥೆ ಗೊತ್ತಾದರೆ ನೋಡುವುದಕ್ಕೇನು ಉಳಿಯಿತು ಅಂತ ಬೆಂಗಳೂರಿನ ಅತ್ತಿಗೆ ಕೇಳಿದ್ದರು. ಯಕ್ಷಗಾನದಲ್ಲಿ ಕಥೆ ಎಲ್ಲರಿಗೂ ಗೊತ್ತಿರುವುದೇ ಅಲ್ವಾ, ಅದನ್ನು ಹೇಗೆ ಕುಣಿದರು, ಹೇಗೆ ಮಾತಾಡಿದರು ಅನ್ನುವುದನ್ನು ನೋಡಲು ಜನ ಬರುತ್ತಾರೆ. ಪ್ರಸಂಗ ಭಸ್ಮಾಸುರ ಮೋಹಿನಿ ಅಂತಿಟ್ಟುಕೊಳ್ಳಿ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕು ಅಂತ ಶಿವನ ಹತ್ತಿರ ವರ ಪಡೆದವನು ಶಿವನನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ, ವಿಷ್ಣು ಮೋಹಿನಿಯಾಗಿ ಬಂದು ನಾನು ಕುಣಿದ ಹಾಗೆ ನೀನೂ ಕುಣಿ ಅನ್ನುತ್ತಾಳೆ. ಇಷ್ಟು ಹೇಳಿ, ಮಕ್ಕಳಿಗೆ ಒಂದು ಕೆಲಸ ಕೊಡಿ: ಭಸ್ಮಾಸುರನ ಕೈ ಯಾವಾಗ ಅವನ ತಲೆಗೆ ಹೋಗುತ್ತದೆ ನೋಡ್ತಾ ಇರಿ ಅಂತ. ಆಮೇಲೆ ಅವರು ನಿದ್ದೆ ಮಾಡುವುದಿಲ್ಲ, ನೋಡಿ. ದೊಡ್ಡವರು ಆ ಹೊತ್ತಿಗೆ ಹೆಸರಾಂತ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನ ಸುದ್ದಿ ತೆಗೆದೇ ತೆಗೆಯುತ್ತಾರೆ. 2012ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಸಂಭ್ರಮಪಟ್ಟಿತ್ತು, 2017ರಲ್ಲಿ ತೀರಿಕೊಂಡರು. ಅಜ್ಜನೋ ಭಾವನೋ ಆ ಮಾತು ಶುರು ಮಾಡಿದರೆ ತಡೆಯಬೇಡಿ. ಗುಣವಂತೆಯ ಕೆರೆಮನೆ ಮೇಳದ ಸುದ್ದಿಯೂ ಬರಲಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಆ ಮೇಳವನ್ನು ಅವರ ಮನೆಯವರೇ ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದಿದ್ದಾರೆ.

ಆಟದ ದಿನ ಸಂಜೆ ಬೇಗ ಊಟ ಮುಗಿಸಿ ಒಂದೂವರೆ ಗಂಟೆ ಮೊದಲೇ ಅಲ್ಲಿರಿ. ಯಾಕೆ ಅಂದರೆ ಚೌಕಿ ನೋಡಬೇಕು. ರಂಗದ ಹಿಂದೆ ವೇಷ ಕಟ್ಟುವ ಜಾಗ ಅದು. ಮೊದಲು ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ನಾಲ್ಕು ನಾಲ್ಕು ಜನರಾಗಿ ಒಳಗೆ ಹೋಗಿ, ಫ್ಲಾಶ್ ಹಾಕಬೇಡಿ. ಕಲಾವಿದರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಅಂಗೈಯಗಲದ ಕನ್ನಡಿ ಹಿಡಿದು ತಾವೇ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಹೋದ ವರ್ಷ ಒಬ್ಬರು ಮುಂಡಾಸು ಕಟ್ಟಿಕೊಳ್ಳುತ್ತಿದ್ದರು. ದಾರದ ಒಂದು ತುದಿ ಹಲ್ಲಿನಲ್ಲಿ, ಬಟ್ಟೆಯನ್ನು ಸುತ್ತಿ ಸುತ್ತಿ ಬಿಗಿಯುವಾಗ ಕತ್ತಿನ ನರ ಎದ್ದು ಕಾಣುತ್ತಿತ್ತು. ತಮ್ಮನ ಮಗ ಬಾಯಿ ಬಿಟ್ಟುಕೊಂಡು ನಿಂತಿದ್ದ. ರಾತ್ರಿ ಅದೇ ಮುಖ ಹೊರಗೆ, ವೇಷದ ಎದುರು ಹಿಡಿಯುವ ತೆರೆಸೀರೆಯ ಮೇಲಿಂದ ಇಣುಕಿದಾಗ ಅವನು ಕುರ್ಚಿ ಮೇಲೆ ಹತ್ತಿ ನಿಂತ, ಇಳಿಸಬೇಕಾಯಿತು.

ಕೂರುವ ವಿಷಯಕ್ಕೆ ಬಂದರೆ, ತೀರಾ ಮುಂದೆ ಬೇಡ. ಚಂಡೆಯ ಹತ್ತಿರ ಕೂತರೆ ಸಣ್ಣ ಮಕ್ಕಳು ಬೆಚ್ಚುತ್ತಾರೆ. ನಾಲ್ಕು ಐದು ಸಾಲು ಹಿಂದೆ, ಕಾಲಿನ ಕೆಲಸ ಕಾಣುವ ಹಾಗೆ ಕೂರಿ. ನಮ್ಮದು ಬಡಗುತಿಟ್ಟು, ಅಂದರೆ ಯಕ್ಷಗಾನದ ಬಡಗಿನ ಶೈಲಿ, ವೇಷಧಾರಿ ಮಂಡಿ ಹಾಕಿ, ಮೊಣಕಾಲ ಮೇಲೆ ಗಿರಗಿರನೆ ತಿರುಗುವಾಗ ಮುಂದಿನವರ ತಲೆ ಅಡ್ಡ ಬಂದರೆ ಬಂದದ್ದೇ ದಂಡ. ಗೊತ್ತಿಲ್ಲದವರ ಪಕ್ಕ ಗೊತ್ತಿರುವವರನ್ನು ಕೂರಿಸಿ. ಹಾಡುವ ಭಾಗವತರು ಪದ ಹೇಳುತ್ತಾರೆ, ವೇಷಧಾರಿ ಅದಕ್ಕೆ ಕುಣಿದು ಆಮೇಲೆ ಅದರ ಅರ್ಥ ಹೇಳುತ್ತಾರೆ. ಪದ ಅರ್ಥವಾಗದಿದ್ದರೆ ಮಾತಿಗೆ ಕಾಯಿರಿ ಅಂತ ಮೆಲ್ಲಗೆ ಹೇಳಿದರೆ ಸಾಕು.

ಕಟ್ಟಿಕೊಳ್ಳಬೇಕಾದ್ದು ಬಹಳ ಇಲ್ಲ. ಆಳಿಗೊಂದು ಹೊದಿಕೆ, ಮಕ್ಕಳಿಗೆ ಟೋಪಿ, ಹಾಸಲು ಒಂದು ಚಾಪೆ, ಚಕ್ಕುಲಿ, ಫ್ಲಾಸ್ಕಿನಲ್ಲಿ ಕಷಾಯ. ಶೇಂಗಾ, ಮಿರ್ಚಿ ಭಜಿ ಅಲ್ಲೇ ಸಿಗುತ್ತದೆ, ಬಿಸಿಬಿಸಿ ತಿನ್ನಿ. ನಿದ್ದೆ ಬಂದವರನ್ನು ಮಲಗಲು ಬಿಡಿ, ಯುದ್ಧದ ಪದಕ್ಕೆ ಚಂಡೆ ಏರಿದಾಗ ತಾವೇ ಏಳುತ್ತಾರೆ. ಆದರೆ ಆಟದ ಕೊನೆಯ ಮಂಗಳ ಪದ ಆಗುವ ಮೊದಲು ಎದ್ದು ಹೊರಡಬೇಡಿ. ಗಂಟೆಗಟ್ಟಲೆ ಕುಣಿದವರ ಎದುರಿಗೆ ಬೆನ್ನು ತಿರುಗಿಸಿ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಮರುದಿನಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಅಂಗಳದಲ್ಲಿ ಒಂದು ದಪ್ಪ ಚಾಪೆ ಮಾತ್ರ ಹಾಸಿಡಿ. ನಮ್ಮಲ್ಲಿ ತಮ್ಮನ ಮಗ ಎದ್ದವನೇ ಟವೆಲ್ ತಲೆಗೆ ಸುತ್ತಿ, ಆಯಿಯ ಸೀರೆಯನ್ನು ತೆರೆಯಾಗಿ ಹಿಡಿಸಿ, ಸಿಮೆಂಟಿನ ಮೇಲೆ ಮಂಡಿ ಹಾಕಲು ಹೋಗಿ ಎರಡೂ ಮೊಣಕಾಲು ತರಚಿಕೊಂಡ. ಅರಿಶಿನ ಹಚ್ಚಿಸಿಕೊಂಡು ಮತ್ತೆ ಶುರು ಮಾಡಿದ.